ವಿದೇಶದ ‘ಸೆಕ್ಯುರಿಟಿ’ ನೌಕರಿ: ಪಾಸ್‌ಪೋರ್ಟ್ ಕೊಡುವ ಮುಂಚೆ ಇಷ್ಟು ನೋಡಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಸೇನೆಯಿಂದ ಪಿಂಚಣಿ ಬಂದವರಿಗೂ, ಸೇನಾ ಭರ್ತಿಯ ವಯಸ್ಸು ಮೀರಿದ ಹುಡುಗರಿಗೂ ವಾಟ್ಸ್‌ಆ್ಯಪ್‌ನಲ್ಲಿ ಬರುವ ಕರೆ ಹೆಚ್ಚುಕಡಿಮೆ ಒಂದೇ ನಮೂನೆಯದು. ವಿದೇಶದಲ್ಲಿ ಗಾರ್ಡ್ ಅಥವಾ ಹೆಲ್ಪರ್ ಕೆಲಸ, ಊಟ-ವಸತಿ ಕಂಪನಿಯದು, ವಾರದೊಳಗೆ ವಿಮಾನ. ಇದರಲ್ಲಿ ಖರೇ ನೌಕರಿಗಳೂ ಇವೆ, ಯುದ್ಧಕ್ಕೆ ಆಳು ಒದಗಿಸುವ ದಂಧೆಯೂ ಇದೆ. ಯಾವುದು ಯಾವುದೆಂದು ಕಾಗದ ಓದಿದರೆ ಗೊತ್ತಾಗುತ್ತದೆ.

ಮೊದಲು ಏಜೆಂಟನ ಕಾಗದ. ವಿದೇಶಕ್ಕೆ ಕೆಲಸಗಾರರನ್ನು ಕಳಿಸುವವರು 1983ರ ಎಮಿಗ್ರೇಷನ್ ಕಾಯ್ದೆಯಡಿ ನೋಂದಣಿ ಮಾಡಿಸಿರಲೇಬೇಕು. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಹೆಸರು, ನೋಂದಣಿ ಸಂಖ್ಯೆ, ವಿಳಾಸ ಮೂರೂ ತಾಳೆಯಾಗಬೇಕು, ನೋಂದಣಿ ಚಾಲ್ತಿಯಲ್ಲಿರಬೇಕು. ಜನ ಎಡವುವುದು ಇಲ್ಲೇ. ಮುಂಬೈ ಅಥವಾ ದೆಹಲಿಯ ಯಾವುದೋ ಸಂಸ್ಥೆಯ ಪ್ರಮಾಣಪತ್ರದ ಜೆರಾಕ್ಸ್ ಹಿಡಿದು ‘ನಾವು ಅವರ ಸಬ್ ಏಜೆಂಟ್’ ಎನ್ನುತ್ತಾರೆ. ಕಾಯ್ದೆಯಲ್ಲಿ ಸಬ್ ಏಜೆಂಟ್ ಎಂಬುವರಿಗೆ ಜಾಗವೇ ಇಲ್ಲ. ಅವರು ಕೊಟ್ಟ ಕಾರ್ಡಿನ ನಂಬರ್ ಬಿಟ್ಟು, ಜಾಲತಾಣದಲ್ಲಿರುವ ನಂಬರಿಗೇ ಫೋನ್ ಮಾಡಿ ಈ ವ್ಯಕ್ತಿ, ಈ ನೇಮಕಾತಿ ನಿಮ್ಮದೇ ಎಂದು ಕೇಳಿ. ಏಜೆಂಟ್ ತೆಗೆದುಕೊಳ್ಳಬಹುದಾದ ಗರಿಷ್ಠ ಸೇವಾಶುಲ್ಕ ₹30,000, ಅದರ ಮೇಲೆ ಶೇ 18 ಜಿಎಸ್‌ಟಿ; ಒಟ್ಟು ₹35,400, ರಸೀದಿ ಸಮೇತ. ಹೊಲ ಅಡವಿಟ್ಟು ಲಕ್ಷಗಟ್ಟಲೆ ನಗದು ತಾ ಎಂದರೆ ಮಾತುಕತೆ ಅಲ್ಲಿಗೇ ಮುಗಿಸಿ.

ಊರಿನ ಸೆಕ್ಯುರಿಟಿ ಏಜೆನ್ಸಿಯವರೇ ಕರೆದರೂ ಇಷ್ಟೇ ಎಚ್ಚರ ಬೇಕು. ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆಯ 5ನೇ ಕಲಂ ಪ್ರಕಾರ, ರಾಜ್ಯದ ನಿಯಂತ್ರಣ ಪ್ರಾಧಿಕಾರದ ಅನುಮತಿ ಇಲ್ಲದೆ ಅವರು ಹೊರದೇಶದಲ್ಲಿ ಕಾವಲು ಸೇವೆ ಒದಗಿಸುವಂತಿಲ್ಲ, ಆ ಅನುಮತಿಗೂ ಮುಂಚೆ ಕೇಂದ್ರವನ್ನು ಕೇಳಬೇಕು. ಅನುಮತಿಪತ್ರ ತೋರಿಸಲಿ.

ವೀಸಾ ಪುಟದಲ್ಲಿ ಯಾವ ಬಗೆಯದೆಂದು ಬರೆದಿರುತ್ತದೆ. ವಿಸಿಟ್ ಅಥವಾ ಸ್ಟೂಡೆಂಟ್ ವೀಸಾದಲ್ಲಿ ಕಳಿಸಿ ‘ಅಲ್ಲಿ ಹೋದಮೇಲೆ ಬದಲಾಯಿಸ್ತೀವಿ’ ಎಂದರೆ ಹೋಗಬೇಡಿ. ಇನ್ನೊಂದು ತಪ್ಪು ನಂಬಿಕೆ: ವಿಮಾನ ನಿಲ್ದಾಣದಲ್ಲಿ ಬಿಟ್ಟರೆಂದರೆ ಸರ್ಕಾರ ಒಪ್ಪಿದಂತೆ ಎಂಬುದು. ಹತ್ತನೇ ತರಗತಿ ಪಾಸಾದವರಿಗೆ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಕೆಲಸಕ್ಕೆ ಹೊರಡುವ ಮುಂಚೆ ಸರ್ಕಾರ ಕಾಗದ ನೋಡಿ ಕೊಡುವ ಅನುಮತಿ, ಬೇಕಿಲ್ಲ. ಉಳಿದವರಿಗೆ ಕ್ಲಿಯರೆನ್ಸ್ ಕೇಳುವ 18 ದೇಶಗಳಲ್ಲಿ ಇರಾಕ್, ಲಿಬಿಯಾ, ಯೆಮೆನ್, ಸುಡಾನ್ ಇವೆ, ರಷ್ಯಾ ಇಲ್ಲ. ಅಂದರೆ ನಿಮ್ಮ ಕರಾರನ್ನು ಯಾವ ಅಧಿಕಾರಿಯೂ ಓದದೇ ನೀವು ಮಾಸ್ಕೋ ತಲುಪಬಹುದು.

ಕರಾರುಪತ್ರವನ್ನು ಹೊರಡುವ ಮುಂಚೆಯೇ ಕೈಗೆ ಪಡೆದು, ಒಂದು ರಾತ್ರಿ ಮನೆಯಲ್ಲಿಟ್ಟುಕೊಂಡು ಓದಿ. ಮೊದಲು ಹುಡುಕಬೇಕಾದ್ದು ಕೆಲಸದ ಸ್ಥಳ. ಊರಿನ ಹೆಸರು, ಕಾಯಬೇಕಾದ ಕಟ್ಟಡ ಅಥವಾ ಸ್ಥಾವರದ ಹೆಸರು ಅದರಲ್ಲಿರಬೇಕು. ‘ಕಂಪನಿ ಬಯಸಿದ ಯಾವುದೇ ಸ್ಥಳಕ್ಕೆ ನಿಯೋಜಿಸಬಹುದು’ ಎಂಬ ಸಾಲು ಇದ್ದರೆ, ಪಗಾರ ಎಷ್ಟೇ ಇರಲಿ, ಸಹಿ ಹಾಕಬೇಡಿ. ಇದು ನಮ್ಮ ಖಡಾಖಂಡಿತ ಅಭಿಪ್ರಾಯ. 2024ರಲ್ಲಿ ಕೊಲಂಬಿಯಾದ ಮಾಜಿ ಸೈನಿಕರನ್ನು ಯುಎಇಯಲ್ಲಿ ಕಾವಲು ಕೆಲಸ ಎಂದು ಸೇರಿಸಿಕೊಂಡು, ಲಿಬಿಯಾ ಮೂಲಕ ಸುಡಾನಿನ ಡಾರ್ಫರ್ ಯುದ್ಧಕ್ಕೆ ಸಾಗಿಸಿದರು. 2020ರ ಹೊತ್ತಿಗೆ ಸುಡಾನಿನ ಯುವಕರೂ ಇಂಥದ್ದೇ ಯುಎಇ ನೌಕರಿ ನಂಬಿ ಲಿಬಿಯಾಕ್ಕೆ ಹೋಗಿ ಬಿದ್ದಿದ್ದರು.

ಆಮೇಲೆ ಮಾಲೀಕ ಯಾರು ಎಂಬುದು. ಕಂಪನಿಯ ಬದಲು ಯಾವುದೇ ದೇಶದ ರಕ್ಷಣಾ ಸಚಿವಾಲಯದ ಹೆಸರಿದ್ದರೆ ಅದು ಗಾರ್ಡ್ ಕೆಲಸವಲ್ಲ, ಸೇನಾ ಭರ್ತಿ. ಓದಲು ಬಾರದ ಲಿಪಿಯಲ್ಲಿದ್ದರೆ ಫೋನಿನ ಅನುವಾದ ಆ್ಯಪ್‌ನ ಕ್ಯಾಮೆರಾವನ್ನು ಒಂದೊಂದೇ ಪುಟದ ಮೇಲೆ ಹಿಡಿಯಿರಿ. ‘ಮಿಲಿಟರಿ ಸರ್ವಿಸ್’ ಎಂಬ ಮಾತು ಎಲ್ಲಿದ್ದರೂ ಕಾಣುತ್ತದೆ. ಕಲಬುರಗಿ ಜಿಲ್ಲೆಯ ಯುವಕರು ರಷ್ಯಾಕ್ಕೆ ಹೋದದ್ದು ಸೆಕ್ಯುರಿಟಿ, ಹೆಲ್ಪರ್ ಕೆಲಸದ ಆಸೆಯಿಂದಲೇ. ಉಕ್ರೇನ್ ಯುದ್ಧದಿಂದ ಬಿಡಿಸಿಕೊಂಡು ಊರಿಗೆ ಬಂದದ್ದು 2024ರ ಸೆಪ್ಟೆಂಬರಿನಲ್ಲಿ. ‘ಒಂದೇ ವರ್ಷ’ ಎಂಬ ಮಾತನ್ನೂ ನಂಬಬೇಡಿ. 2022ರ ಸೆಪ್ಟೆಂಬರ್ 21ರ ಆದೇಶದ ನಂತರ ರಷ್ಯಾದ ಸೇನಾ ಕರಾರುಗಳು ಅವಧಿ ತುಂಬಿದರೂ ಮುಗಿಯುವುದಿಲ್ಲ. 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಹೇಳಿದಂತೆ, ಅಲ್ಲಿ ಸೇನೆ ಸೇರಿದ ಭಾರತೀಯರ 126 ಪ್ರಕರಣಗಳಲ್ಲಿ 12 ಮಂದಿ ಸತ್ತಿದ್ದರು, 16 ಮಂದಿಯ ಸುಳಿವಿರಲಿಲ್ಲ.

ಕಂಪನಿ ಖರೇವಂದೇ ಆಗಿದ್ದರೆ ಕೇಳುವ ಪ್ರಶ್ನೆಗಳು ಬೇರೆ. ಜಿನೀವಾದಲ್ಲಿ ಖಾಸಗಿ ಭದ್ರತಾ ಸಂಸ್ಥೆಗಳ ನೀತಿಸಂಹಿತೆ ನೋಡಿಕೊಳ್ಳುವ ‘ಐಕೋಕಾ’ (ICoCA) ಎಂಬ ಸಂಘವಿದೆ, ಸದಸ್ಯರ ಪಟ್ಟಿ ಅದರ ಜಾಲತಾಣದಲ್ಲಿದೆ. ಅಲ್ಲಿ ಹೆಸರಿದೆಯೇ ನೋಡಿ. ಅಮೆರಿಕ ಸರ್ಕಾರದ ಗುತ್ತಿಗೆಯ ಕೆಲಸವಾದರೆ 1941ರ ಡಿಫೆನ್ಸ್ ಬೇಸ್ ಆ್ಯಕ್ಟ್ ಪ್ರಕಾರ ಉಪಗುತ್ತಿಗೆದಾರರ ವಿದೇಶಿ ಕೆಲಸಗಾರರಿಗೂ ವಿಮೆ ಇರಬೇಕು. ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ ಬರೆಸಿಕೊಂಡು ಮನೆಯಲ್ಲಿಡಿ. ಡ್ಯೂಟಿಗೆ ಒಯ್ಯುವ ಗಾಡಿ ಎಂಥದ್ದೆಂದೂ ಕೇಳಿ. 2016ರ ಜೂನ್ 20ರಂದು ಕಾಬೂಲಿನಲ್ಲಿ ಕೆನಡಾ ರಾಯಭಾರ ಕಚೇರಿಯ ನೇಪಾಳಿ ಮತ್ತು ಭಾರತೀಯ ಕಾವಲುಗಾರರು ಆತ್ಮಾಹುತಿ ದಾಳಿಗೆ ಬಲಿಯಾದದ್ದು ಕವಚವಿಲ್ಲದ ಮಿನಿಬಸ್ಸಿನಲ್ಲಿ.

ಬಂದೂಕು ಹಿಡಿದು ಕಾಳಗಕ್ಕೆ ಇಳಿದರೆ ಕಾನೂನಿನ ರಕ್ಷಣೆ ತೆಳುವಾಗುತ್ತದೆ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪ್ರೋಟೋಕಾಲ್‌ನ 47ನೇ ವಿಧಿ, ಬಾಡಿಗೆ ಸೈನಿಕನಿಗೆ ಯುದ್ಧಕೈದಿಯ ಹಕ್ಕಿಲ್ಲ ಎನ್ನುತ್ತದೆ. ಭಾರತದ ಜೊತೆ ಶಾಂತಿಯಿಂದಿರುವ ದೇಶದ ಸರ್ಕಾರದ ವಿರುದ್ಧ ಯುದ್ಧ ಮಾಡುವುದು ನಮ್ಮ ನ್ಯಾಯ ಸಂಹಿತೆಯ 153ನೇ ಕಲಂ ಅಡಿ ಅಪರಾಧವೂ ಹೌದು.

ಅಲ್ಲಿಗೆ ಹೋದಮೇಲೆ ಪಾಸ್‌ಪೋರ್ಟ್ ಕಸಿದುಕೊಂಡರೆ, ಇಲ್ಲವೇ ಎರಡನೇ ಕರಾರು ಮುಂದಿಟ್ಟರೆ, ಸಹಿ ಹಾಕುವ ಮುಂಚೆಯೇ ಭಾರತೀಯ ರಾಯಭಾರ ಕಚೇರಿಗೆ ತಿಳಿಸಿ. ಇಲ್ಲಿ ಮನೆಯವರು ಅದೇ ದಿನ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸಿ, ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 1800-11-3090ಕ್ಕೆ ಫೋನ್ ಮಾಡಿ, ತಮ್ಮ ಠಾಣೆಯಲ್ಲಿ ಏಜೆಂಟನ ಮೇಲೆ ದೂರು ಕೊಡಬೇಕು. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಕರಾರಿನ ಪ್ರತಿ, ಹಣ ಹಾಕಿದ ಯುಪಿಐ ದಾಖಲೆ, ಏಜೆಂಟನ ವಾಯ್ಸ್ ಮೆಸೇಜ್ ಎಲ್ಲ ಮನೆಯ ಇನ್ನೊಂದು ಫೋನಿನಲ್ಲೂ ಇರಲಿ. ಹೋದವರ ಫೋನನ್ನು ಮೊದಲ ದಿನವೇ ಕಸಿದುಕೊಳ್ಳಬಹುದು.