ಜೇಮ್ಸ್ ವೆಬ್ ಡೇಟಾದಲ್ಲಿ ಮೊದಲ ಕಾಲದ ಗೆಲಾಕ್ಸಿಯನ್ನು ನಾನೇ ನೋಡಿದ್ದು

ಜೇಮ್ಸ್ ವೆಬ್ ಟೆಲಿಸ್ಕೋಪಿನ ಜೇಡ್ಸ್ ಸಮೀಕ್ಷೆಯ ಚಿತ್ರಗಳು ಮಾಸ್ಟ್ ಆರ್ಕೈವ್‌ನಲ್ಲಿ (ಬಾಹ್ಯಾಕಾಶ ಟೆಲಿಸ್ಕೋಪುಗಳ ಡೇಟಾ ಇಡುವ ಜಾಲತಾಣ) ಪುಕ್ಕಟೆ ಸಿಗುತ್ತವೆ. ಇಳಿಸಿಕೊಳ್ಳೋಕೆ ವಿಜ್ಞಾನಿಯೇ ಆಗಿರಬೇಕು ಅಂತೇನಿಲ್ಲ. ನಾನು ಹುಡುಕಿದ್ದು ಜೇಡ್ಸ್-ಜಿಎಸ್-ಝಡ್14-0 ಅನ್ನೋ ಗೆಲಾಕ್ಸಿಯನ್ನು. 2024ರ ಮೇ ತಿಂಗಳಲ್ಲಿ ಇದರ ದೂರ ಪ್ರಕಟವಾದಾಗ ಅತಿ ದೂರದ ಗೆಲಾಕ್ಸಿ ಅನ್ನೋ ದಾಖಲೆ ಇದರದ್ದೇ. ಬಿಗ್ ಬ್ಯಾಂಗ್ ಆಗಿ 30 ಕೋಟಿ ವರ್ಷ ತುಂಬುವ ಮೊದಲೇ ಅಲ್ಲಿಂದ ಹೊರಟ ಬೆಳಕು ನಮಗೆ ಈಗ ತಲುಪುತ್ತಿದೆ.

ಫೈಲುಗಳು ಭಾರಿ ದೊಡ್ಡವು. ಪೂರ್ತಿ ತೆರೆಯೋಕೆ ಹೋದರೆ ಲ್ಯಾಪ್‌ಟಾಪ್ ಮಲಗಿಬಿಡುತ್ತದೆ, ಹಾಗಾಗಿ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಆಸ್ಟ್ರೋಪೈ ಅನ್ನೋ ಖಗೋಳ ಲೈಬ್ರರಿ ಬಳಸಿ, ಬೇಕಾದ ಜಾಗದ ಚಿಕ್ಕ ಚೂರನ್ನು ಮಾತ್ರ ಪ್ರತಿ ಫಿಲ್ಟರಿನ (ಒಂದೊಂದು ಫಿಲ್ಟರ್ ಒಂದೊಂದು ಅಲೆಯುದ್ದದ ಬೆಳಕನ್ನಷ್ಟೇ ಬಿಡುತ್ತದೆ) ಚಿತ್ರದಿಂದ ಕತ್ತರಿಸಿಕೊಂಡೆ. ಆಮೇಲೆ ಖಗೋಳ ಚಿತ್ರ ನೋಡುವ ಡಿಎಸ್9 ತಂತ್ರಾಂಶ ತೆರೆದು 0.9, 1.15, 1.5, 2 ಮತ್ತು 2.77 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಅಲೆಯುದ್ದದ ಚಿತ್ರಗಳನ್ನು ಸಾಲಾಗಿ ಇಟ್ಟು, ಆಕಾಶದ ನಿರ್ದೇಶಾಂಕಕ್ಕೆ ಹೊಂದಿಸಿ, ಒಂದರ ಹಿಂದೆ ಒಂದು ಮಿನುಗುವಂತೆ ಮಾಡಿದೆ.

2.77ರಲ್ಲಿ ಚುಕ್ಕೆ ಸ್ಪಷ್ಟ. 2ರಲ್ಲಿ ಸ್ವಲ್ಪ ಮಂಕು. 1.5ಕ್ಕೆ ಬಂದರೆ ಮಾಯ! ಪಕ್ಕದಲ್ಲೇ, ಅರ್ಧ ಆರ್ಕ್‌ಸೆಕೆಂಡೂ (ಒಂದು ಡಿಗ್ರಿಯ 3600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್) ಇಲ್ಲದಷ್ಟು ಹತ್ತಿರ, ಇನ್ನೊಂದು ಗೆಲಾಕ್ಸಿ ಇದೆ. ಅದು ನಮಗೆ ಎಷ್ಟೋ ಸಮೀಪದ್ದು, ಅದು ಮಾತ್ರ ಎಲ್ಲ ಚಿತ್ರಗಳಲ್ಲೂ ಹಾಗೇ ಕೂತಿರುತ್ತದೆ.

ಯಾಕೆ ಹೀಗೆ? ಆಗಿನ ಬ್ರಹ್ಮಾಂಡದ ತುಂಬ ಹೈಡ್ರೋಜನ್ ಅನಿಲ, 0.1216 ಮೈಕ್ರಾನ್‌ಗಿಂತ ಚಿಕ್ಕ ಅಲೆಯ ಬೆಳಕನ್ನು ಅದು ನುಂಗಿಹಾಕುತ್ತದೆ. ಬ್ರಹ್ಮಾಂಡ ಹಿಗ್ಗಿದಂತೆ ಆ ಗಡಿಯೂ ಹಿಗ್ಗಿ, ಈ ಗೆಲಾಕ್ಸಿಯ ಮಟ್ಟಿಗೆ ಸುಮಾರು 15 ಪಟ್ಟಾಗಿ 1.85 ಮೈಕ್ರಾನ್ ಹತ್ತಿರ ಬಂದು ನಿಂತಿದೆ. ಅದಕ್ಕೇ ಅದಕ್ಕಿಂತ ಚಿಕ್ಕದಾದ 1.5ರಲ್ಲಿ ಗೆಲಾಕ್ಸಿ ಮಾಯ.

ಕಾಣಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತ ಹೇಳೋಕಾಗಲ್ಲ, ಅಲ್ವಾ? ಚಿತ್ರದಲ್ಲೇ ಗದ್ದಲ (ಮಂಕು ಚುಕ್ಕೆಯನ್ನು ಮರೆಮಾಡುವ ಅಡ್ಡಾದಿಡ್ಡಿ ಏರುಪೇರು) ಜಾಸ್ತಿ ಇದ್ದಿರಬಹುದು. ಅದಕ್ಕೇ ಖಾಲಿ ಆಕಾಶದಲ್ಲಿ ಅಲ್ಲಲ್ಲಿ ಅದೇ ಅಳತೆಯ ವೃತ್ತಗಳನ್ನು ಇಟ್ಟು ಬೆಳಕು ಅಳೆದೆ. 1.5 ಮೈಕ್ರಾನ್‌ನಲ್ಲಿ ಗೆಲಾಕ್ಸಿಯ ಜಾಗದ ಅಳತೆಗೂ ಖಾಲಿ ಜಾಗದ್ದಕ್ಕೂ ವ್ಯತ್ಯಾಸ ಸಿಗಲಿಲ್ಲ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದ ಹಂತ ಇದೇ, ಬಣ್ಣದ ಚಿತ್ರ ಮಾಡೋದೆಲ್ಲ ಸುಮ್ನೆ ಖುಷಿಗೆ.

ಇಷ್ಟಾದರೂ ದೂರ ಸಾಬೀತಾದಂತಲ್ಲ. ಸೀರ್ಸ್-93316 ಎಂಬ ಗೆಲಾಕ್ಸಿಯೂ ಹೀಗೇ ಚಿತ್ರ ನೋಡಿ ಕೆಂಪುಪಲ್ಲಟ (ಬೆಳಕಿನ ಅಲೆ ಎಷ್ಟು ಹಿಗ್ಗಿದೆ ಅನ್ನೋ ಅಳತೆ, ಹೆಚ್ಚಿದ್ದಷ್ಟೂ ದೂರ) 16 ಅನ್ನಿಸಿಕೊಂಡಿತ್ತು, ವರ್ಣಪಟಲ (ಬೆಳಕನ್ನು ಅಲೆಯುದ್ದದ ಪ್ರಕಾರ ಬಿಡಿಸಿದ್ದು) ತೆಗೆದು ನೋಡಿದರೆ ಬರೀ 4.9! ನಮ್ಮ ಝಡ್14-0 ಮೇಲೂ ಆ ಪಕ್ಕದ ಗೆಲಾಕ್ಸಿಯಿಂದಾಗಿ ವಿಜ್ಞಾನಿಗಳಿಗೆ ಅನುಮಾನ ಇತ್ತು, 2024ರ ಜನವರಿಯಲ್ಲಿ ಸುಮಾರು ಹತ್ತು ಗಂಟೆ ವರ್ಣಪಟಲ ತೆಗೆದ ಮೇಲೆಯೇ ನಂಬಿದ್ದು.

ಮೊದಲ ನಕ್ಷತ್ರಗಳು ಇಲ್ಲೇ ಇವೆ ಅಂದುಕೊಳ್ಳಬೇಡಿ. 2025ರಲ್ಲಿ ಚಿಲಿಯ ಆಲ್ಮಾ ದೂರದರ್ಶಕಕ್ಕೆ ಇದರಲ್ಲಿ ಆಮ್ಲಜನಕ ಸಿಕ್ಕಿತು. ಬಿಗ್ ಬ್ಯಾಂಗ್ ಆಮ್ಲಜನಕ ಮಾಡಿರಲಿಲ್ಲ, ಅದು ನಕ್ಷತ್ರದ ಒಳಗೇ ತಯಾರಾಗಬೇಕು. ಅಂದರೆ ಈ ಬೆಳಕು ಹೊರಡುವ ಹೊತ್ತಿಗೇ ಅಲ್ಲಿ ಒಂದು ತಲೆಮಾರು ನಕ್ಷತ್ರಗಳು ಹುಟ್ಟಿ, ಉರಿದು, ಸಿಡಿದು ಸತ್ತೂ ಆಗಿತ್ತು.