ಬೋರಿಂಗ್ ನೀರು, ಫಿಲಿಪೀನ್ಸ್ ತರಗತಿ: ನಮ್ಮ ಕಾಲೇಜಿನಲ್ಲಿ ಸೇವೆಯ ಪಾಠ ನಡೆಸುವ ಬಗೆ

ವಿದೇಶದ ಕಾಲೇಜಿನ ಜೊತೆ ಒಡಂಬಡಿಕೆಗೆ ಸಹಿ ಹಾಕಿ ಫೋಟೊ ತೆಗೆಸಿಕೊಳ್ಳುವುದು ಅರ್ಧ ದಿನದ ಕೆಲಸ. ಆಮೇಲೆ ಇಬ್ಬರೂ ಸೇರಿ ಏನು ಮಾಡಬೇಕು ಎಂದು ಗೊತ್ತಿಲ್ಲದೆ ಆ ಹಾಳೆ ಕಪಾಟು ಸೇರುತ್ತದೆ. ರಾಯಚೂರು ಜಿಲ್ಲೆಯ ನಮ್ಮ ಕ್ಯಾಥೊಲಿಕ್ ಪದವಿ ಕಾಲೇಜಿನಲ್ಲಿ ಈ ಕೆಲಸ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ನಿಮ್ಮೂರಲ್ಲಿ ಕುಡಿಯುವ ನೀರಿನಲ್ಲಿ ಏನಿದೆ? ನಮ್ಮ ಹುಡುಗರು ಇಲ್ಲಿಯ ಹಳ್ಳಿಯಲ್ಲಿ ಅಳೆಯುತ್ತಾರೆ, ಫಿಲಿಪೀನ್ಸ್‌ನ ಒಂದು ಕ್ಯಾಥೊಲಿಕ್ ಕಾಲೇಜಿನ ಹುಡುಗರು ತಮ್ಮ ಊರಲ್ಲಿ ಅಳೆಯುತ್ತಾರೆ. 8 ವಾರ, 6 ಜಂಟಿ ತರಗತಿ. ಸಂಸ್ಕೃತಿ ವಿನಿಮಯ, ಹಬ್ಬದ ಅಡುಗೆ, ಜಾನಪದ ನೃತ್ಯ ಎಲ್ಲ ಅದರ ಸುತ್ತ ತಾನಾಗಿ ಬರುತ್ತವೆ. ಅವನ್ನೇ ಮುಖ್ಯ ಮಾಡಿದರೆ ಮೂರನೆಯ ವಾರಕ್ಕೆ ಮಾತು ಮುಗಿದಿರುತ್ತದೆ.

ಜೊತೆಗಾರ ಕಾಲೇಜನ್ನು ಆರಿಸುವಾಗ ಗಡಿಯಾರ ನೋಡಿ, ಹೆಸರು ನೋಡಬೇಡಿ. ಫಿಲಿಪೀನ್ಸ್ ನಮಗಿಂತ ಎರಡೂವರೆ ತಾಸು ಮುಂದಿದೆ. ನಮ್ಮ ಬೆಳಿಗ್ಗೆ 11:30 ಅಲ್ಲಿ ಮಧ್ಯಾಹ್ನ 2. ಇಬ್ಬರಿಗೂ ಕಾಲೇಜಿನ ವೇಳೆಯೇ. ಅಮೆರಿಕದ ಕಾಲೇಜಾದರೆ ಅವರ ಬೆಳಿಗ್ಗೆ 8 ನಮಗೆ ಸಂಜೆ 6:30 ಆಗುತ್ತದೆ (ಷಿಕಾಗೊ ಕಡೆಯ ಲೆಕ್ಕ). ಅಷ್ಟೊತ್ತಿಗೆ ಹಳ್ಳಿಯಿಂದ ಓಡಾಡುವ ಹುಡುಗಿಯರಿಗೆ ಕೊನೆಯ ಬಸ್ಸು ಹೋಗಿರುತ್ತದೆ. ಅದೂ ಸಾಲದೆಂದು ನವೆಂಬರ್ ಮೊದಲ ಭಾನುವಾರ ಅವರ ಗಡಿಯಾರ ಒಂದು ತಾಸು ಹಿಂದಕ್ಕೆ ಸರಿಯುತ್ತದೆ, ಮಾರ್ಚ್ ಎರಡನೆಯ ಭಾನುವಾರ ಮತ್ತೆ ಮುಂದಕ್ಕೆ. ಸೆಮಿಸ್ಟರ್ ನಡುವೆ ವೇಳಾಪಟ್ಟಿ ತಪ್ಪುವುದು ಇಲ್ಲೇ. ನಮಗಾಗಲಿ ಫಿಲಿಪೀನ್ಸ್‌ಗಾಗಲಿ ಆ ಕಾಟವಿಲ್ಲ.

ಇನ್ನೊಂದು ಅನುಕೂಲವೂ ಇದೆ. ಅಲ್ಲಿ 2001ರ ರಾಷ್ಟ್ರೀಯ ಸೇವಾ ತರಬೇತಿ ಕಾಯ್ದೆ ಪ್ರಕಾರ ಪದವಿ ವಿದ್ಯಾರ್ಥಿಗಳಿಗೆ ಎರಡು ಸೆಮಿಸ್ಟರ್ ಸೇವೆ ಕಡ್ಡಾಯ, ಸೆಮಿಸ್ಟರಿಗೆ 54ರಿಂದ 90 ತಾಸು. ನಮ್ಮಲ್ಲಿ ಎನ್ಎಸ್ಎಸ್ (ರಾಷ್ಟ್ರೀಯ ಸೇವಾ ಯೋಜನೆ) 1969ರಿಂದ ಇದೆ. ವರ್ಷಕ್ಕೆ 120 ತಾಸು, ಜೊತೆಗೆ 7 ದಿನದ ವಿಶೇಷ ಶಿಬಿರ, ಆದರೆ ಸೇರುವುದು ಬಿಡುವುದು ವಿದ್ಯಾರ್ಥಿಯ ಇಷ್ಟ. ಕಡ್ಡಾಯದ ಸೇವೆ ಸೇವೆಯೇ ಎಂಬ ಚರ್ಚೆಯನ್ನು ಮೊದಲ ಜಂಟಿ ತರಗತಿಗೇ ಇಡಿ. ಇಂಗ್ಲಿಷ್ ಬಾರದವರೂ ಬಾಯಿ ಬಿಡುತ್ತಾರೆ.

ದುಡ್ಡಿನ ವಿಷಯ ಮೊದಲೇ ಕಡ್ಡಿ ಮುರಿದಂತೆ ಹೇಳಿಬಿಡಬೇಕು. ಎರಡನೆಯ ವಾರಕ್ಕೇ ಆ ಕಡೆಯಿಂದ 'ನಾವೊಂದಿಷ್ಟು ಸಂಗ್ರಹಿಸಿ ಕಳಿಸುತ್ತೇವೆ, ಆ ಹಳ್ಳಿಗೆ ಫಿಲ್ಟರ್ ಹಾಕಿಸಿ' ಎಂಬ ಮಾತು ಬರುತ್ತದೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯೋ ಕೇಂದ್ರ ಸರ್ಕಾರದ ಮುಂಚಿನ ಅನುಮತಿಯೋ ಇಲ್ಲದ ಸಂಸ್ಥೆ ವಿದೇಶಿ ದೇಣಿಗೆ ಮುಟ್ಟುವಂತಿಲ್ಲ. ನೋಂದಣಿ ಇದ್ದರೂ 2020ರ ತಿದ್ದುಪಡಿಯಿಂದೀಚೆಗೆ ಹಣ ಮೊದಲು ಬಂದು ಬೀಳಬೇಕಾದದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ, ಅದನ್ನು ಬೇರೆ ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಮೇಷ್ಟರ ಫೋನ್‌ಪೇ ನಂಬರ್ ಕೊಟ್ಟು ಪಾರಾಗುವ ವಿಷಯವಲ್ಲ. ನಾವು 'ಹಣ ಬೇಡ, ಸಾಮಾನೂ ಬೇಡ' ಎಂದು ಒಡಂಬಡಿಕೆಯಲ್ಲೇ ಬರೆದಿದ್ದೇವೆ. ಹಾಗೆ ಬರೆದ ಮೇಲೆ ಇಬ್ಬರ ನಡುವೆ ಕೊಡುವವ, ಬೇಡುವವ ಎಂಬ ಭೇದವೂ ಹೋಗುತ್ತದೆ. ಅತಿಥಿಗಳು ಬಂದು ಕಾಲೇಜಿನ ಹಾಸ್ಟೆಲಿನಲ್ಲಿ ಉಳಿದರೆ 24 ತಾಸಿನೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಕಚೇರಿಯ (ಎಫ್‌ಆರ್‌ಆರ್‌ಒ) ಪೋರ್ಟಲಿಗೆ ಹಾಕಬೇಕು. ಆಫೀಸಿನವರು ಅದನ್ನು ಸಿ ಫಾರ್ಮ್ ಎನ್ನುತ್ತಾರೆ. ಶನಿವಾರ ಸಂಜೆ ಬಂದಿಳಿದರೆ ಸೋಮವಾರ ನೋಡೋಣ ಎನ್ನುವಂತಿಲ್ಲ.

ಇನ್ನು ಹಳ್ಳಿ. ಕಾಲೇಜಿನಿಂದ 15 ಕಿಲೋಮೀಟರ್ ಒಳಗಿರಬೇಕು, ಕಾಲುವೆಯ ನೀರು ಸರಿಯಾಗಿ ತಲುಪದ ಊರಾಗಿರಬೇಕು, ಹುಡುಗಿಯರು ಬಳಸಬಹುದಾದ ಶೌಚಾಲಯ ಶಾಲೆಯಲ್ಲೋ ಪಂಚಾಯಿತಿಯಲ್ಲೋ ಇರಬೇಕು. ಈ ಮೂರನೆಯದನ್ನು ಯಾರೂ ಮೊದಲು ನೋಡುವುದಿಲ್ಲ. ಆಮೇಲೆ ಎರಡನೆಯ ಭೇಟಿಗೆ ಹುಡುಗಿಯರು ಅರ್ಧಕ್ಕರ್ಧ ಏಕೆ ಬರಲಿಲ್ಲ ಎಂದು ಕೇಳುತ್ತಾರೆ. ತಿಂಗಳನ್ನು ಹಳ್ಳಿಯ ಪಂಚಾಂಗ ನೋಡಿ ಗೊತ್ತು ಮಾಡಿ. ಆಗಸ್ಟ್ ಕೊನೆ, ಸೆಪ್ಟೆಂಬರ್ ಒಳ್ಳೆಯದು. ದಸರೆ ಮುಗಿದ ಮೇಲೆ ಹತ್ತಿ ಬಿಡಿಸುವುದು ಶುರು, ಅದರ ಬೆನ್ನಿಗೇ ನೆಲ್ಲಿನ ಕೊಯ್ಲು. ಊರಲ್ಲಿ ಮುದುಕರು ಮಕ್ಕಳು ಬಿಟ್ಟರೆ ಯಾರೂ ಸಿಗುವುದಿಲ್ಲ. ನಮ್ಮ ವಿದ್ಯಾರ್ಥಿಗಳಲ್ಲೇ ಎಷ್ಟೋ ಜನ ಆಗ ಕೂಲಿಗೆ ಹೋಗಿರುತ್ತಾರೆ. ಸುಗ್ಗಿ ತೀರಿದರೆ ಗುಳೆ. ಬೆಂಗಳೂರು, ಪುಣೆಗೆ ದುಡಿಯಲು ಹೋದ ಮನೆಗಳಿಗೆ ಬೀಗ. ಬೀಗ ಹಾಕಿದ ಮನೆಯನ್ನು ಸಮೀಕ್ಷೆಯ ಹಾಳೆಯಲ್ಲಿ 'ಮಾಹಿತಿ ಇಲ್ಲ' ಎಂದು ಬಿಡಬಾರದು, 'ಗುಳೆ' ಎಂದೇ ಬರೆಸುತ್ತೇವೆ. ಫಿಲಿಪೀನ್ಸ್ ಹುಡುಗರಿಗೆ ಆ ಪದ ಬೇಗ ಅರ್ಥವಾಗುತ್ತದೆ. ಹೊರದೇಶಕ್ಕೆ ದುಡಿಯಲು ಹೋಗುವವರು ಅಲ್ಲಿ ಬಹಳ.

ಫಾದರ್, ಸಿಸ್ಟರ್ ಇರುವ ಕಾಲೇಜಿನವರು ಊರಿಗೆ ಬಂದರೆ 'ಇವರು ಯಾಕೆ ಬಂದರು' ಎಂಬ ಅನುಮಾನ ಸಹಜ. ಮೊದಲ ದಿನವೇ ಕಟ್ಟೆಯ ಮೇಲೆ ಕೂತು ಮೂರು ಮಾತು ಹೇಳುತ್ತೇವೆ: ನೀರು ನೋಡಲು ಬಂದಿದ್ದೇವೆ, ಧರ್ಮದ ಮಾತು ಆಡುವುದಿಲ್ಲ, ಏನನ್ನೂ ಹಂಚುವುದಿಲ್ಲ. ಬಂದ ಗುಂಪಿನಲ್ಲಿ ಎಲ್ಲ ಜಾತಿ ಧರ್ಮದ ಹುಡುಗರಿರುವುದು ಅವರ ಕಣ್ಣಿಗೇ ಕಾಣುತ್ತದೆ. ಪಿಡಿಒಗೆ ಪತ್ರ ಕೊಟ್ಟು ಮುದ್ರೆ ಒತ್ತಿಸಿದ ಪ್ರತಿ ಇಟ್ಟುಕೊಳ್ಳಿ, ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಳ್ಳಿ. ಆಕೆ ಜೊತೆಗಿದ್ದರೆ ಬಾಗಿಲು ತೆರೆಯುತ್ತದೆ.

ಈಗ ನೀರು. ನಮ್ಮ ನೆಲದಡಿ ಇರುವುದು ಗ್ರಾನೈಟ್, ನೈಸ್ ಬಂಡೆ. ಬಂಡೆಯೊಳಗಿನ ಫ್ಲೋರೈಡ್ (ಮೈಗೆ ಹೆಚ್ಚು ಸೇರಿದರೆ ಹಲ್ಲು, ಮೂಳೆ ಕೆಡಿಸುವ ಅಂಶ) ಕ್ಷಾರಗುಣದ, ಸುಣ್ಣದಂಶ ಕಡಿಮೆ ಇರುವ ನೀರಿಗೆ ಸುಲಭವಾಗಿ ಇಳಿಯುತ್ತದೆ. ಜನ ನೀರನ್ನು ನಾಲಗೆಯಿಂದ ಅಳೆಯುತ್ತಾರೆ: ಸಿಹಿ ನೀರು, ಸವುಳು ನೀರು, ಬ್ಯಾಳಿ ಬೇಯದ ನೀರು. ಸವುಳು ಲವಣದ್ದು, ಬ್ಯಾಳಿ ಬೇಯದಿರುವುದು ಗಡಸುತನದ್ದು. ಫ್ಲೋರೈಡಿಗೆ ಕುಡಿಯುವ ನೀರಿನ ಮಟ್ಟದಲ್ಲಿ ರುಚಿಯೇ ಇಲ್ಲ. 'ಸಿಹಿ ನೀರಿನ ಬೋರಿಂಗ್' (ನಮ್ಮ ಕಡೆ ಬೋರಿಂಗ್ ಅಂದರೆ ಕೈಪಂಪು) ಎಂದು ಊರೆಲ್ಲ ಕೊಡ ಹಿಡಿದು ಸಾಲು ನಿಲ್ಲುವ ಜಾಗದಲ್ಲೇ ಅದು ಹೆಚ್ಚಿರಬಹುದು. ವಿದ್ಯಾರ್ಥಿ ಕಲಿಯಬೇಕಾದ ಮೊದಲ ಪಾಠ ಇದು, ಪುಸ್ತಕದಿಂದ ಬರುವುದಲ್ಲ.

ಮಾದರಿ ತೆಗೆಯುವ ಕ್ರಮ ಹೀಗೆ. 250 ಮಿಲಿಯ ಪ್ಲಾಸ್ಟಿಕ್ ಬಾಟಲಿ. ಫ್ಲೋರೈಡಿಗೆ ಗಾಜು ಬೇಡ, ಗಾಜಿನ ಜೊತೆ ಅದು ವರ್ತಿಸುತ್ತದೆ. ಬೋರಿಂಗನ್ನು ಮೊದಲು 40–50 ಸಲ ಹೊಡೆದು ಪೈಪಿನಲ್ಲಿ ನಿಂತ ನೀರು ಹೋಗಲು ಬಿಡಿ. ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ತೊಳೆದು ತುಂಬಿ. ಲೇಬಲ್ ಬಾಟಲಿಯ ಮೈಗೆ ಹಚ್ಚಿ, ಮುಚ್ಚಳಕ್ಕೆ ಬೇಡ. ಮುಚ್ಚಳಗಳು ಅದಲುಬದಲಾದರೆ ಇಡೀ ದಿನದ ಕೆಲಸ ಮಣ್ಣುಪಾಲು. ಲೇಬಲಿನಲ್ಲಿ ಓಣಿ, ಮೂಲ, ತಾರೀಕು, ತಾಸು, ತೆಗೆದವರ ಹೆಸರಿನ ಮೊದಲಕ್ಷರ. ಸುಮಾರು 200 ಮನೆಯ ಊರಿಗೆ 12ರಿಂದ 15 ಮೂಲ ಸಾಕು: ಬೋರಿಂಗ್, ಮಿನಿ ಟ್ಯಾಂಕ್, ನಲ್ಲಿ, ಶುದ್ಧ ನೀರಿನ ಘಟಕ. ಘಟಕದಿಂದ ಎರಡು ಬಾಟಲಿ ತೆಗೆಯಬೇಕು, ಒಂದು ಕ್ಯಾನಿಗೆ ಬೀಳುವ ನೀರಿನದು, ಇನ್ನೊಂದು ಹಿಂದುಗಡೆ ಮೋರಿಗೆ ಹರಿಯುವ ನೀರಿನದು. ಆರ್‌ಒ ಯಂತ್ರ ಫ್ಲೋರೈಡನ್ನು ಇಲ್ಲವಾಗಿಸುವುದಿಲ್ಲ, ಬೇರ್ಪಡಿಸಿ ಹಿಂದಕ್ಕೆ ತಳ್ಳುತ್ತದೆ, ಅಷ್ಟೆ. ಮೋರಿಯ ನೀರು ದನ ಕುಡಿಯುವ ಬಾನಿಗೆ ಸೇರುತ್ತಿದ್ದರೆ ಅದನ್ನೂ ಬರೆದುಕೊಳ್ಳಿ.

ಫ್ಲೋರೈಡ್ ಅಳೆಯುವ ಕಿಟ್‌ನ ಪರೀಕ್ಷೆ ಸರಳ. ನಾವು ಬಳಸುವುದರಲ್ಲಿ 4 ಮಿಲಿ ನೀರಿಗೆ 1 ಮಿಲಿ ದ್ರಾವಣ ಹಾಕಿ ಅಲುಗಾಡಿಸಿ 5 ನಿಮಿಷ ಬಿಟ್ಟು ಬಣ್ಣದ ಪಟ್ಟಿಗೆ ಹೋಲಿಸಬೇಕು. ಬಣ್ಣ ಗುಲಾಬಿಯಿಂದ ಹಳದಿ ಕಡೆ ಸರಿದಷ್ಟೂ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪುವ ಮಿತಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ದ್ರಾವಣ ಆಮ್ಲದ್ದು, ಕೈಗವಸು ಬೇಕೇ ಬೇಕು. ತಪ್ಪುವ ಕಡೆಗಳು ಇವು. ಹಳದಿ ಬಲ್ಬಿನ ಬೆಳಕಲ್ಲಿ ಅಥವಾ ಹಳದಿ ಬಣ್ಣ ಹೊಡೆದ ಗೋಡೆಯ ಎದುರು ಓದಿದರೆ ಎಲ್ಲ ಮಾದರಿಯೂ ಹೆಚ್ಚು ಕಾಣುತ್ತದೆ. ನೆರಳಲ್ಲಿ, ಹಗಲಿನ ಬೆಳಕಲ್ಲಿ, ಹಿಂದೆ ಬಿಳಿ ಹಾಳೆ ಹಿಡಿದು ನೋಡಿ. ಒಂದೇ ಕೊಳವೆಯನ್ನು ಇಬ್ಬರು ಒಬ್ಬರಿಗೊಬ್ಬರು ಹೇಳದೆ ಓದಿ ಬರೆಯಬೇಕು. ಕ್ಲೋರಿನ್ ಬೆರೆತ ನಲ್ಲಿ ನೀರು, ಕದಡಿದ ನೀರು, ಬಹಳ ಕ್ಷಾರದ ಸವುಳು ನೀರು ಬಣ್ಣವನ್ನು ಕೆಡಿಸುತ್ತವೆ. ಬಣ್ಣ ಪಟ್ಟಿಯ ತುದಿಗೆ ಹೋಗಿ ನಿಂತರೆ ಅರ್ಧ ಮಾದರಿ ಅರ್ಧ ಡಿಸ್ಟಿಲ್ಡ್ ನೀರು ಸೇರಿಸಿ ಮತ್ತೆ ಮಾಡಿ ಎರಡರಿಂದ ಗುಣಿಸಿ. ಕಿಟ್‌ನ ಅಂಕಿಯನ್ನು ಯಾರಿಗೂ ಅಂತಿಮ ಎಂದು ಹೇಳಬೇಡಿ. ಮಿತಿ ದಾಟಿದ ಪ್ರತಿ ಮೂಲದ ಇನ್ನೊಂದು ಬಾಟಲಿ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬಿಗೆ ಹೋಗಬೇಕು.

ಫಿಲಿಪೀನ್ಸ್ ಕಡೆಯವರ ಚಿಂತೆ ಬೇರೆ: ಚಂಡಮಾರುತ, ನೆರೆ ಬಂದಾಗ ಬಾವಿಗೆ ಹೊಲಸು ಸೇರುವುದು. ಹಾಗಾಗಿ ಇಬ್ಬರೂ ಮಾಡುವ ಎರಡನೆಯ ಪರೀಕ್ಷೆ ಎಚ್‌2ಎಸ್ ಬಾಟಲಿ. ಗುರುತಿನವರೆಗೆ ನೀರು ತುಂಬಿ, ಮುಚ್ಚಳದ ಒಳಮೈ ಮುಟ್ಟದೆ ಮುಚ್ಚಿ, 24ರಿಂದ 48 ತಾಸು ಬೆಚ್ಚಗಿಟ್ಟರೆ ಮಲದ ಸೋಂಕಿರುವ ನೀರು ಕಪ್ಪಾಗುತ್ತದೆ. ಅವರಲ್ಲಿ ಬೆಚ್ಚಗಿಡುವ ಚಿಂತೆ ಕಡಿಮೆ. ನಮ್ಮಲ್ಲಿ ಡಿಸೆಂಬರ್, ಜನವರಿಯ ರಾತ್ರಿ ತಂಪಿಗೆ ಬಾಟಲಿ ಕಪ್ಪಾಗಲು ತಡವಾಗುತ್ತದೆ, ಅವಸರಪಟ್ಟರೆ ಕೆಟ್ಟ ನೀರು ಒಳ್ಳೆಯದೆಂದು ಬರೆದಂತಾಗುತ್ತದೆ. ಪರೀಕ್ಷೆ ಮುಗಿದ ಕಪ್ಪು ಬಾಟಲಿಗೆ ಬ್ಲೀಚಿಂಗ್ ದ್ರಾವಣ ಹಾಕಿ ಅರ್ಧ ತಾಸು ಬಿಟ್ಟು ಚೆಲ್ಲಿ. ಕುದಿಸಿದರೆ ಈ ಸೋಂಕು ಸಾಯುತ್ತದೆ, ಆದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ದಟ್ಟವಾಗುತ್ತದೆ. ಎರಡೂ ಕಡೆಯ ವಿದ್ಯಾರ್ಥಿಗಳು ತಮ್ಮ ಊರಿನ ಔಷಧಿಯನ್ನೇ ಇನ್ನೊಬ್ಬರಿಗೆ ಹೇಳಿ ಸಿಕ್ಕಿಹಾಕಿಕೊಳ್ಳುವುದು ಇದರಲ್ಲೇ. ಜಂಟಿ ತರಗತಿ ಬಿಸಿಯೇರುವುದೂ ಇದರಲ್ಲೇ.

ಜಂಟಿ ತರಗತಿ 50 ನಿಮಿಷ ಮೀರಬಾರದು. ಒಂದು ದೊಡ್ಡ ಪರದೆಯ ಮುಂದೆ 40 ಜನ ಕೂತರೆ ಮಾತಾಡುವವರು ಮುಂದಿನ ಸಾಲಿನ ಮೂವರು ಮಾತ್ರ. ನಮ್ಮ 3, ಅವರ 3 ಸೇರಿ ಆರು ಜನರ ಗುಂಪು, ಗುಂಪಿಗೊಂದು ಫೋನು, ಒಂದು ಇಯರ್‌ಫೋನ್ ಸ್ಪ್ಲಿಟರ್. ಕರೆಂಟು ಹೋದರೂ ಫೋನು ನಡೆಯುತ್ತದೆ. ನಡುವಿನ ದಿನಗಳಲ್ಲಿ ವಾಟ್ಸಾಪ್ ಧ್ವನಿ ಸಂದೇಶ, ಒಂದು ನಿಮಿಷದೊಳಗೆ. ಬರೆಯಲು ಹೆದರುವ ಹುಡುಗಿ ಧ್ವನಿಯಲ್ಲಿ ನಾಲ್ಕು ಸಲ ಅಳಿಸಿ ಐದನೆಯ ಸಲ ಸರಿಯಾಗಿ ಹೇಳುತ್ತಾಳೆ. ಶುರುವಿಗೆ 30 ಪದಗಳ ಒಂದು ಪಟ್ಟಿ ಮಾಡಿಸಿ. ನಮ್ಮವರು 'ಬೋರಿಂಗ್ ವಾಟರ್' ಎಂದರೆ ಆ ಕಡೆಯವರು ಬೇಸರದ ನೀರು ಯಾವುದಪ್ಪ ಎಂದು ಕಣ್ಣು ಬಿಡುತ್ತಾರೆ, 'ಹ್ಯಾಂಡ್ ಪಂಪ್' ಎನ್ನಬೇಕು. ನಮ್ಮ ಕಡ್ಡಾಯ ನಿಯಮವೊಂದಿದೆ: ಪ್ರತಿ ತರಗತಿಯಲ್ಲಿ ಮೊದಲ ಪ್ರಶ್ನೆ ಕೇಳುವುದು ನಮ್ಮವರು. ಇಲ್ಲದಿದ್ದರೆ ಎಂಟೂ ವಾರ 'ನಿಮ್ಮ ಹಳ್ಳಿಯ ಬಡತನ' ವಿವರಿಸುವುದರಲ್ಲೇ ಕಳೆಯುತ್ತದೆ. ಕಂದುಗಟ್ಟಿದ ಹಲ್ಲಿನ ಮಕ್ಕಳ ಫೋಟೊ ಆ ಕಡೆಗೆ ಹೋಗಬಾರದು, ಮುಖ ಮಸುಕು ಮಾಡಿದರೂ ಬೇಡ. ಬೋರಿಂಗ್, ಬಾಟಲಿ, ಬಣ್ಣದ ಪಟ್ಟಿ, ಇವುಗಳ ಫೋಟೊ ಸಾಕು. ಹಲ್ಲು ನೋಡಿ ಇದು ಫ್ಲೋರೋಸಿಸ್ ಎಂದು ಹೇಳುವುದು ದಂತವೈದ್ಯರ ಕೆಲಸ, ಬಿ.ಎ. ಎರಡನೆಯ ವರ್ಷದವರದಲ್ಲ.

ಜೆಸ್ವಿಟರ (ಶಾಲೆ, ಕಾಲೇಜು ನಡೆಸುವ ಕ್ಯಾಥೊಲಿಕ್ ಗುರುಗಳ ಸಂಘ) ಶಿಕ್ಷಣಪದ್ಧತಿಯನ್ನು ವಿವರಿಸುವ 1993ರ ದಾಖಲೆಯಲ್ಲಿ ಐದು ಹೆಜ್ಜೆಗಳಿವೆ: ಸಂದರ್ಭ, ಅನುಭವ, ಮನನ, ಕ್ರಿಯೆ, ಮೌಲ್ಯಮಾಪನ. ಕಾಲೇಜುಗಳಲ್ಲಿ ಹಾರಿಹೋಗುವುದು ನಡುವಿನದು. ಬಸ್ಸಿನಲ್ಲಿ ವಾಪಸು ಬಂದ ಮೇಲೆ ಮನನ ಬರೆಸಿದರೆ ಎಲ್ಲರ ಹಾಳೆಯಲ್ಲೂ 'ನನಗೆ ತುಂಬಾ ಸಂತೋಷವಾಯಿತು' ಎಂದಿರುತ್ತದೆ. ಹಾಗಾಗಿ ಊರು ಬಿಡುವ ಮುಂಚೆಯೇ, ಬೇವಿನ ಮರದಡಿ, ಫೋನು ಚೀಲದಲ್ಲಿಟ್ಟು, 15 ನಿಮಿಷ ಬರೆಯಬೇಕು. ಕನ್ನಡದಲ್ಲೋ, ತೆಲುಗಿನಲ್ಲೋ, ಉರ್ದುವಿನಲ್ಲೋ, ಮನೆಮಾತಿನಲ್ಲಿ. ಕೇಳುವುದು ಮೂರೇ: ಇವತ್ತು ಎಣಿಸಿದ್ದು ಏನು, ಯಾರ ಮುಂದೆ ಮಾತು ತಡವರಿಸಿತು, ಮುಂದಿನ ಸಲ ಏನು ಬದಲಾಯಿಸುತ್ತೀ. 'ಒಂದು ಕೊಡ ತುಂಬಲು 62 ಸಲ ಹೊಡೆಯಬೇಕು, ಅಮ್ಮ ದಿನಾ ಎಂಟು ಕೊಡ ತರುತ್ತಾಳೆ' ಎಂಬಂಥ ಸಾಲಿಗೆ ಆಂತರಿಕ ಅಂಕ ಪೂರ್ತಿ ಕೊಡಬಹುದು.

ಲೆಕ್ಕದ ಮಾತು ಬಂದಾಗ ಮಿತಿಯ ಅಂಕಿಯನ್ನೇ ಪ್ರಶ್ನಿಸಲು ಕಲಿಸಿ. ದಿನಕ್ಕೆ 2 ಲೀಟರ್ ಕುಡಿಯುವವರಿಗೆ 1.5ರ ನೀರಿನಿಂದ 3 ಮಿಲಿಗ್ರಾಂ ಹೋಗುತ್ತದೆ. ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ಹೊಲದಲ್ಲಿ ದುಡಿಯುವ ಹೆಣ್ಣುಮಗಳು 6 ಲೀಟರ್ ಕುಡಿದರೆ ಅದೇ ನೀರಿನಿಂದ 9. ಕಾಗದದ ಮೇಲೆ 'ಸುರಕ್ಷಿತ' ಎಂದಿರುವುದು ಯಾರ ಬಾಯಾರಿಕೆಗೆ ಎಂದು ನಮ್ಮ ವಿದ್ಯಾರ್ಥಿಗಳು ಜಂಟಿ ತರಗತಿಯಲ್ಲಿ ಕೇಳುವ ಪ್ರಶ್ನೆಗೆ ಆ ಕಡೆ ಸ್ವಲ್ಪ ಹೊತ್ತು ಮೌನವಿರುತ್ತದೆ.

ಫಲಿತಾಂಶ ಊರಿಗೆ ಹೇಳುವಾಗ ಲ್ಯಾಬಿನ ವರದಿ ಕೈಗೆ ಬಂದಿರಬೇಕು, ಪರ್ಯಾಯ ಯಾವುದೆಂದು ಗೊತ್ತಿರಬೇಕು. 'ಈ ಬೋರಿಂಗ್ ಕೆಟ್ಟದ್ದು' ಎಂದಷ್ಟೇ ಹೇಳಿ ಬಂದರೆ ಆ ಓಣಿಯವರು ಇನ್ನೊಂದು ಓಣಿಯ ಬೋರಿಂಗಿಗೆ ಹೋಗುತ್ತಾರೆ, ಅಲ್ಲಿ ಜಾತಿಯ ಜಗಳ ಕಾದಿರುತ್ತದೆ. ಮೊದಲು ಪಿಡಿಒ, ಆಮೇಲೆ ಗ್ರಾಮಸಭೆ. ಅಂಕಿಗಳ ಬದಲು ಊರಿನ ನಕ್ಷೆ ಬಿಡಿಸಿ ತೋರಿಸಿ: ಕೆಂಪು ಚುಕ್ಕಿಯ ನೀರು ಸ್ನಾನಕ್ಕೆ, ಬಟ್ಟೆಗೆ, ಹಸಿರು ಚುಕ್ಕಿಯದು ಕುಡಿಯಲು, ಅಡುಗೆಗೆ. ಅಡುಗೆಯನ್ನು ಬಿಡಿಸಿ ಹೇಳಲೇಬೇಕು. ಕುಡಿಯಲು ಕ್ಯಾನ್ ನೀರು, ಅನ್ನ ಬ್ಯಾಳಿಗೆ ಬೋರಿಂಗ್ ನೀರು ಎಂಬುದೇ ಎಲ್ಲ ಮನೆಯ ರೂಢಿ. ಬೋರಿಂಗಿಗೆ ಬಣ್ಣ ಬಳಿಯುವ ಕೆಲಸ ಪಂಚಾಯಿತಿಯದು, ವಿದ್ಯಾರ್ಥಿಗಳ ಕೈಗೆ ಬ್ರಷ್ ಕೊಡಬೇಡಿ.

ಫೆಬ್ರವರಿ ಕೊನೆಗೆ ಅದೇ ಮೂಲಗಳನ್ನು ಇನ್ನೊಮ್ಮೆ ಅಳೆಯಬೇಕು, ಮಳೆಗಾಲದ ಅಂಕಿ ಬೇಸಿಗೆಗೆ ಹೊಂದುವುದಿಲ್ಲ. ಆ ಹೊತ್ತಿಗೆ ಬ್ಯಾಚು ಬದಲಾಗಿರುವುದರಿಂದ ಹಳೆಯ ಗುಂಪಿನ ಇಬ್ಬರಾದರೂ ಜೊತೆಗೆ ಹೋಗಬೇಕು, ಯಾವ ಮನೆಯ ಹಿಂದೆ ಬೋರಿಂಗ್ ಇದೆ ಎಂಬುದು ಜಿಪಿಎಸ್ ಅಂಕಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಕಿಟ್‌ನ ದ್ರಾವಣದ ಬಾಟಲಿಯನ್ನು ಲ್ಯಾಬಿನ ಕಿಟಕಿ ಮೇಲೆ ಇಡಬೇಡಿ, ಬಿಸಿಲಿಗೆ ಬಣ್ಣ ತಿರುಗುತ್ತದೆ. ಕತ್ತಲಿರುವ ಕೆಳಗಿನ ಕಪಾಟಿನಲ್ಲಿಟ್ಟು, ತೆರೆದ ತಾರೀಕನ್ನು ಮುಚ್ಚಳದ ಮೇಲೆ ಬರೆಯಿರಿ. ಮುಚ್ಚಳದ ಮೇಲೆ ಬರೆಯಬಹುದಾದ ಬಾಟಲಿ ಅದೊಂದೇ.