ಜಗಳವಾದ ಊರಲ್ಲಿ ಮಗ್ಗ ಮತ್ತೆ ನಡೆಸಿದ್ದು

ಹುನಗುಂದ ಕಡೆಯ ಒಂದು ನೇಕಾರರ ಊರು. ಎರಡು ಓಣಿಗಳ ನಡುವೆ ದೊಡ್ಡ ಗಲಾಟೆ ಆಗಿ, ಕೇಸುಗಳಾಗಿದ್ದವು. ಶಾಂತಿ ಸಭೆಯೂ ಆಯಿತು. ಎಲ್ಲರೂ ಕೈ ಮುಗಿದು ಮನೆಗೆ ಹೋದರು, ಮಗ್ಗಗಳು ಮಾತ್ರ ನಿಂತೇ ಇದ್ದವು. ಸ್ವಸಹಾಯ ಸಂಘದ ಕೆಲಸಕ್ಕೆ ನಾನು ಹೋದಾಗ ಹಿರಿಯ ತಾಯಿಯೊಬ್ಬರು, "ಸಭಾ ಸಾಕ್ರೀ ಅಕ್ಕಾರ, ನೂಲು ಎಲ್ಲಿ ಸಿಗತೈತಿ ಅದನ್ನ ಹೇಳ್ರಿ" ಅಂದರು. ಅಲ್ಲಿಂದಲೇ ಶುರು ಮಾಡಿದೆವು.

ಇಳಕಲ್ ಸೀರೆ ಒಬ್ಬರ ಕೈಯಲ್ಲಿ ಆಗುವಂಥದ್ದಲ್ಲ. ಬಣ್ಣ ಹಾಕುವವರು ಬೇರೆ, ಹಾಸು (ಮಗ್ಗದ ಉದ್ದ ಎಳೆಗಳು) ಮಾಡುವವರು ಬೇರೆ, ಕಂಡಿಕೆ (ಅಡ್ಡ ಎಳೆಯ ನೂಲಿನ ಸುರುಳಿ) ಸುತ್ತುವವರು ಬೇರೆ. ಆಮೇಲೆ ಕೊಂಡಿ. ಒಡಲಿನ ಹಾಸಿನ ಒಂದೊಂದು ಎಳೆಯ ಕುಣಿಕೆಗೂ ಸೆರಗಿನ ರೇಷ್ಮೆ ಎಳೆಯ ಕುಣಿಕೆ ಸಿಕ್ಕಿಸಬೇಕು. ಹಾಗಾಗಿ ಉದ್ದ ಹಾಸು ಹಾಕಿ ಸಾಲಾಗಿ ಸೀರೆ ಇಳಿಸಲು ಬರುವುದಿಲ್ಲ. ಸೀರೆ ಸೀರೆಗೂ ಕೊಂಡಿ ಹಾಕುವ ಕೈ ಬೇಕು. ಈ ಊರಲ್ಲಿ ಮಗ್ಗ ಜಾಸ್ತಿ ಇದ್ದದ್ದು ಮೇಲಿನ ಓಣಿಯಲ್ಲಿ, ಕೊಂಡಿ ಹಾಕುವ ಹೆಂಗಸರು ಕೆಳಗಿನ ಓಣಿಯಲ್ಲಿ. ಮಾತು ಬಿಟ್ಟ ಮೇಲೆ ಎರಡೂ ಕಡೆ ದುಡಿಮೆ ನಿಂತಿತು.

ಎಲ್ಲರನ್ನೂ ಒಂದೇ ಸಂಘದಲ್ಲಿ ಕೂರಿಸಲು ನಾನು ಹೋಗಲಿಲ್ಲ. ಗಾಯ ಹಸಿ ಇರುವಾಗ ಅದು ಬಲವಂತ. ಓಣಿಗೊಂದು ಸಂಘ, ಉಳಿತಾಯ ಮತ್ತು ಒಳಸಾಲ (ಸದಸ್ಯರಿಗೆ ಸಂಘವೇ ಕೊಡುವ ಸಾಲ) ಅವರವರದೇ. ನೂಲು ಖರೀದಿ, ಸೀರೆ ಮಾರಾಟ ಮಾತ್ರ ಇಬ್ಬರೂ ಸೇರಿ. ಇಳಕಲ್ಲಿಗೆ ಎರಡೂ ಕಡೆಯಿಂದ ಒಬ್ಬೊಬ್ಬರು ಹೋಗಬೇಕು. ಬಿಲ್ ಅಂಗನವಾಡಿಯಲ್ಲಿ ಎಲ್ಲರ ಮುಂದೆ ಓದಬೇಕು. ಸಂಶಯ ಹುಟ್ಟುವುದು ದುಡ್ಡಿನ ಲೆಕ್ಕದಲ್ಲೇ ಅಲ್ವಾ? 1992ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಶುರು ಮಾಡಿದ ಸಂಘ-ಬ್ಯಾಂಕ್ ಜೋಡಣೆಯಿಂದ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಆದರೆ ಬ್ಯಾಂಕಿನವರು ಸಂಘದ ಪುಸ್ತಕ ನೋಡಿಯೇ ಕೊಡುತ್ತಾರೆ. ಆ ಪುಸ್ತಕ ನಮ್ಮಲ್ಲಿ ಗಟ್ಟಿಯಾಗಿತ್ತು.

ಕೂಲಿಯ ವಿಷಯಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ನೇಯ್ದವನ ಕೈಗೇ ಪೂರ್ತಿ ಕೂಲಿ ಬರುವುದು ರೂಢಿ. ಕಂಡಿಕೆ ಸುತ್ತಿದ ಹೆಂಡತಿ, ಮಗಳ ದುಡಿಮೆಗೆ ಲೆಕ್ಕವೇ ಇಲ್ಲ. ನಾವು ಹಾಸು, ಕಂಡಿಕೆ, ಕೊಂಡಿ, ನೇಯ್ಗೆ ಅಂತ ಕೂಲಿ ಒಡೆದು ಅವರವರ ಖಾತೆಗೇ ಹಾಕಿದೆವು. ಗಂಡಸರು ತಕರಾರು ತೆಗೆದರು. ಆದರೆ ಕೇಸಿನ ತಾರೀಖಿಗೆ ಅಲೆದು ಕೆಲಸ ಬಿಟ್ಟವರ ಮನೆಗಳು ನಡೆದದ್ದು ಇದೇ ದುಡ್ಡಿನಲ್ಲಿ. ಮಗ್ಗವೇ ಇಲ್ಲದ ಮನೆಯ ಹೆಂಗಸರಿಗೂ ಸಂಪಾದನೆ ಆಯಿತು.

ಈಗ ಎರಡೂ ಸಂಘಗಳ ನಡುವೆ ಜಗಳ ಕೊಂಡಿಯ ರೇಟಿನದು. ಕೆಳಗಿನ ಓಣಿಯವರು ಹೆಚ್ಚು ಕೇಳುತ್ತಿದ್ದಾರೆ. ಕಣ್ಣು ಸೋಲುವ ಕೆಲಸ, ಅವರು ಕೇಳುವುದು ನ್ಯಾಯವೇ. ಮುಂದಿನ ಜಂಟಿ ಸಭೆಯಲ್ಲಿ ಮೊದಲ ವಿಷಯ ಅದೇ.